ಸುಳ್ಳುನೀರು ಕೇಳಿದ ಕಿವಿ

ಕಿವಿಯಕ್ಕನ ಮುತ್ತಜ್ಜ ಊರಿಗೆ ಮೊದಲ ನೀರಿನ ಪೈಪು ಬಂದಾಗ ಗುದ್ದಲಿ ಹಿಡಿದು ನೆಲ ತೋಡಿದವನು. ಅಜ್ಜ, ದೊಡ್ಡ ಪೈಪು ಒಡೆದು ಬೀದಿಯೇ ಹೊಳೆಯಾದಾಗ ಎದೆಮಟ್ಟದ ನೀರಿಗಿಳಿದು ಬರಿಗೈಯಲ್ಲಿ ವಾಲ್ವು ತಿರುಗಿಸಿದವನು. ತಿರುಗಿಸಿದ ಆ ತೋಳು ಸಾಯುವತನಕ ಮತ್ತೆ ಮೇಲೇಳಲಿಲ್ಲ. ಅಪ್ಪನದು ಕಿವಿಯ ಕೆಲಸ. ಕಬ್ಬಿಣದ ಕೋಲಿನ ಒಂದು ತುದಿ ರಸ್ತೆಗೆ, ಇನ್ನೊಂದು ತುದಿ ಕಿವಿಗೆ. ನೆಲದಡಿ ಪೈಪು ಸೋರುವ ಜಾಗ ಆಲಿಸಿ ಸುಣ್ಣದ ಗೆರೆ ಎಳೆದನೆಂದರೆ, ಅಗೆಯುವವರು ಮರುಮಾತಾಡದೆ ಹಾರೆ ಹಾಕುತ್ತಿದ್ದರು. ಆ ಕೋಲು, ಆ ಕಿವಿ ಎರಡೂ ಮಗಳಿಗೆ ಬಂದವು. ಊರಿನ ಬಾಯಲ್ಲಿ ಅವಳು ಕಿವಿಯಕ್ಕ.

ಮೂವತ್ತು ದಾಟಿದ ಮೇಲೆ ಆ ಕಿವಿಯೇ ಕೈಕೊಟ್ಟಿತು. ಒಂದು ಬೆಳಗಿನ ಜಾವ ಸಾಮಿಲ್ಲಿನ ಹಿಂದಿನ ಬೀದಿಯಲ್ಲಿ ಕೋಲು ಊರಿದಳು. ನೀರು ಭೋರೆಂದಿತು. ಗೆರೆ ಎಳೆದಳು. ಆಳುದ್ದ ಅಗೆದರೂ ಒದ್ದೆ ಮಣ್ಣಿಲ್ಲ; ಪೈಪೂ ಇಲ್ಲ. ಬೀದಿಯ ಆ ಮಗ್ಗುಲಿಗೆ ಪೈಪು ಹಾಕಿಯೇ ಇರಲಿಲ್ಲ. ಇಂಥ ಇಲ್ಲದ ಸದ್ದಿಗೆ ಆ ಕೆಲಸದವರು ಸುಳ್ಳುನೀರು ಎನ್ನುತ್ತಾರೆ.

"ಏನಕ್ಕಾ, ಪಾತಾಳಕ್ಕೆ ದಾರಿ ಮಾಡಿಸ್ತಿದ್ದೀಯಾ?" ಅಂದ ಅಗೆಯುವವನೊಬ್ಬ.

ನಗು ಅಡಗುವ ಮೊದಲೇ ಅವಳ ಎಡಗೈ ಸೆಟೆಯಿತು, ಬಾಯಿ ವಾರೆಯಾಯಿತು. ಗುಂಡಿಯ ಪಕ್ಕದ ಮಣ್ಣಿನ ಮೇಲೇ ಬಿದ್ದಳು.

ಮೂರ್ಛೆರೋಗ. ಮಾತ್ರೆ ಬದಲಿಸಿ ಬದಲಿಸಿ ನುಂಗಿದರೂ ಬಗ್ಗಲಿಲ್ಲ. ಪ್ರತಿಸಲವೂ ಮೊದಲು ನೀರಿನ ಸದ್ದು, ಆಮೇಲೆ ಬೀಳುವುದು. ಕೇಳಿಸಿದ್ದು ನೆಲದ್ದೋ ತಲೆಯದೋ ಅವಳಿಗೇ ತಿಳಿಯದಾಯಿತು. ಕೆಲಸಕ್ಕೆ ಜೊತೆಯಾಗಿದ್ದ ತಮ್ಮ, ಬಿದ್ದಾಳೆಂದು ಅವಳ ತೋಳು ಹಿಡಿದೇ ಬೀದಿ ಸುತ್ತಿದ. ಕೊನೆಗೆ ನೀರಿನ ಕಚೇರಿಯವರು ಕೋಲನ್ನು ಗೋಡೆಗೊರಗಿಸಿ, ಅವಳಿಗೆ ಬಾಗಿಲ ಬಳಿ ಒಂದು ಕುರ್ಚಿ ಹಾಕಿಕೊಟ್ಟರು. ಆ ಕುರ್ಚಿ ಅವಳನ್ನು ರೋಗಕ್ಕಿಂತ ಹೆಚ್ಚು ತಿಂದಿತು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಆಪರೇಷನ್ನಿನ ಮಾತೆತ್ತಿದರು. ತಲೆತುಂಬ ವೈರು ಅಂಟಿಸಿ, ಮೂರ್ಛೆ ಬರುವವರೆಗೆ ಕಾದು, ಅದು ಬಲಗಡೆಯಿಂದ ಏಳುತ್ತದೆಂದು ಗೊತ್ತುಮಾಡಿಕೊಂಡರು. ಆದರೆ ಬಲಗಡೆ ಎಲ್ಲಿ? ಎಂ.ಆರ್.ಐ. ಚಿತ್ರದಲ್ಲಿ ಏನೂ ಕಾಣಲಿಲ್ಲ.

"ಸೆಟೆಯೋದು ಕೈ ತಾನೇ ಮೇಡಂ? ಕೈ ಆಡಿಸೋ ಜಾಗ ನೋಡಿ," ಅಂದ ತಮ್ಮ.

"ಲೋ, ನೀರು ರಸ್ತೆ ಮೇಲೆ ಬಂದಲ್ಲೇ ಪೈಪ್ ಒಡೆದಿರುತ್ತೇನೋ? ಇಷ್ಟು ವರ್ಷ ನನ್ನ ಹಿಂದೆ ಅಲೆದು ಕಲಿತಿದ್ದು ಇದೇನಾ?" ಎಂದಳು ಅಕ್ಕ.

ಡಾಕ್ಟರಮ್ಮ ನಕ್ಕರು. "ಕೈ ಆಮೇಲಿಂದು. ಮೊದಲು ಸದ್ದು ಕೇಳುತ್ತಲ್ಲ, ಅದರ ಬುಡ ಹುಡುಕೋಣ."

ಸಕ್ಕರೆಯಂಥ ಔಷಧಿಯನ್ನು ರಕ್ತಕ್ಕೆ ಸೇರಿಸಿ ಇನ್ನೊಂದು ಚಿತ್ರ ತೆಗೆದರು. ಮಿದುಳೆಲ್ಲ ಅದನ್ನು ಹೀರಿ ಬೆಳಗಿತ್ತು. ಬಲಗಿವಿಯ ಮೇಲ್ಗಡೆ ಹೆಬ್ಬೆರಳಗಲ ಮಾತ್ರ ಮಂಕು. ಹಳೆಯ ಚಿತ್ರವನ್ನು ಮತ್ತೆ ತೆಗೆದು ಅದೇ ಜಾಗ ದಿಟ್ಟಿಸಿದಾಗ, ಕಣ್ತಪ್ಪಿದ್ದ, ಮಿದುಳಿನ ಸೊಟ್ಟಗಾದ ಸಣ್ಣ ಮಡಿಕೆಯೊಂದು ಸಿಕ್ಕಿತು. ವೈರಿನ ಗೆರೆಗಳೂ ತಾಳೆಯಾದವು. ಆದರೆ ಅದರ ಪಕ್ಕಕ್ಕೇ, ಒಂದು ಸದ್ದಿನಿಂದ ಇನ್ನೊಂದನ್ನು ಬೇರೆ ಮಾಡುವ ಭಾಗ. ಯಂತ್ರದೊಳಗೆ ಮಲಗಿಸಿ, ಸದ್ದು ಕೇಳಿಸಿ, ಅದನ್ನೂ ಗುರುತು ಹಾಕಿಕೊಂಡರು.

"ಕಿವುಡಾಗಲ್ಲ," ಅಂದರು ಡಾಕ್ಟರಮ್ಮ. "ಆದ್ರೆ ಸಣ್ಣ ಸದ್ದು ಮೊದಲಿನ ಹಾಗೆ ತಿಳಿಯುತ್ತೆ ಅಂತ ಮಾತು ಕೊಡಲಾರೆ."

ಕಿವಿಯಕ್ಕ ಬಲಗಿವಿಯ ಮೇಲೆ ಕೈಯಾಡಿಸಿಕೊಂಡಳು. ಆಮೇಲೆ ಅಂದಳು: "ಸುಳ್ಳು ಕೇಳಿಸ್ಕೊಂಡು ಬದುಕೋದಕ್ಕಿಂತ ಕಡಿಮೆ ಕೇಳಿಸ್ಕೊಂಡು ಬದುಕ್ತೀನಿ. ತೆಗೀರಿ."

ತೆಗೆದರು. ಕೂದಲು ಬೆಳೆದು ಗಾಯದ ಗೆರೆ ಮುಚ್ಚಿತು. ಮೂರ್ಛೆ ಬರಲಿಲ್ಲ, ಸುಳ್ಳುನೀರೂ ಹರಿಯಲಿಲ್ಲ. ನಿಜವಾದ ನೀರು ಕೇಳುತ್ತದೆಯೇ ಎಂಬುದನ್ನು ಮಾತ್ರ ಯಾವ ಚಿತ್ರವೂ ಹೇಳಿರಲಿಲ್ಲ.

ಕಚೇರಿಯವರು ಅರೆಮನಸ್ಸಿನಿಂದ ಒಂದು ಅವಕಾಶ ಕೊಟ್ಟರು. ಬೇಕರಿಯ ಬೀದಿ, ಮತ್ತೆ ಬೆಳಗಿನ ಜಾವ. ಅಗೆಯುವವರು ಹಾರೆಗೆ ಗಲ್ಲ ಊರಿ ನಿಂತಿದ್ದರು. ಅವಳು ಕಣ್ಣುಮುಚ್ಚಿ ಕೋಲಿಗೆ ಕಿವಿ ಕೊಟ್ಟಳು. ಜಾಗ ಬದಲಿಸಿದಳು. ಮತ್ತೆ ಬದಲಿಸಿದಳು. ಸುಣ್ಣದ ಉಂಡೆ ಮುಷ್ಟಿಯಲ್ಲೇ ಉಳಿಯಿತು. ತಮ್ಮನಿಗೆ ಜೀವ ತಡೆಯಲಿಲ್ಲ. ಓಡಿಹೋಗಿ ಹಳೇ ಅಭ್ಯಾಸದಂತೆ ತೋಳು ಹಿಡಿದ.

"ಸಾಕು ಬಿಡಕ್ಕಾ. ಕಚೇರಿಯಿಂದ ಸೋರಿಕೆ ಹಿಡಿಯೋ ಮಿಷನ್ ತರಿಸ್ತೀನಿ."

ಅವಳು ಕಣ್ಣು ತೆರೆಯಲಿಲ್ಲ.

"ತೋಳು ಬಿಡೋ. ಆ ಕಡೆ ಹೋಗಿ ನಿಂತ್ಕೋ. ಎಲ್ಲೋ ಸಣ್ಣಗೆ ಇದೆ ಕಣೋ, ನಿನ್ನ ಏದುಸಿರೇ ಅದನ್ನ ಮುಚ್ಚಿಬಿಡ್ತಿದೆ."