ಕತ್ತರಿ ಅತ್ತೆ ನೆಟ್ಟ ಪೊದೆ

ನಮ್ಮ ಸೋದರತ್ತೆಯನ್ನು ಮನೆಮಂದಿಯೆಲ್ಲ ಕರೆಯುವುದು ಕತ್ತರಿ ಅತ್ತೆ ಎಂದೇ. ನಗರದ ಉದ್ಯಾನದಲ್ಲಿ ಮಾಲಿಯಾಗಿ ಸೇರಿದವಳು, ಮೊಣಕಾಲು ಕೈಕೊಡುವ ತನಕ ಅಲ್ಲಿ ಗಿಡ ಕತ್ತರಿಸಿದಳು. ಅವಳ ಪೊದೆ ಚೆಂಡಿನ ಹಾಗೆ ದುಂಡಗಿರಬೇಕು. ಒಂದು ಕಡ್ಡಿ ಹೊರಗೆ ಇಣುಕಿದರೂ ಅವಳಿಗೆ ಊಟ ಸೇರದು. ಮನೆಯಲ್ಲೂ ಅಷ್ಟೇ. ಮಕ್ಕಳ ಕೂದಲು, ಪರದೆಯ ಅಂಚು, ನನ್ನ ಮೀಸೆ, ಯಾವುದಕ್ಕೂ ಅವಳ ಕತ್ತರಿಯಿಂದ ಬಿಡುಗಡೆ ಇರಲಿಲ್ಲ.

ಅವಳ ಜಾಗಕ್ಕೆ ಅವಳ ಸೊಸೆಯೇ ಸೇರಿದಳು. ವಸಂತದವರೆಗೆ ಕೆಲಸ ನೋಡಿ, ಖಾಯಂ ಮಾಡುವುದೋ ಬಿಡುವುದೋ ಹೇಳುತ್ತೇನೆ ಎಂದು ಉದ್ಯಾನದ ಮೇಲ್ವಿಚಾರಕರು ಮೊದಲೇ ತಿಳಿಸಿದ್ದರು. ಅತ್ತೆಯ ಮಗ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿತ್ತು. ಮನೆ ನಡೆಯಬೇಕಾದದ್ದು ಈ ಕೆಲಸದಿಂದಲೇ.

ಚಳಿಗಾಲದಲ್ಲಿ ಒಮ್ಮೆ ಉದ್ಯಾನಕ್ಕೆ ಹೋಗಿಬಂದ ಅತ್ತೆ, ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಗೇಟಿನ ಹತ್ರದ ಪೊದೆಗಳನ್ನ ಯಾಕೆ ಹಾಗೇ ಬಿಟ್ಟಿದ್ದೀಯ? ತಲೆ ಬಾಚದ ಪಿಶಾಚಿಗಳ ಥರ ನಿಂತಿವೆ. ನಾನು ನೆಟ್ಟ ಗಿಡ ಅವು."

"ಅತ್ತೆ, ಅವುಗಳ ಮೊಗ್ಗು ಹೋದ ವರ್ಷದ ಕಡ್ಡೀಲೇ ಕೂತಿರುತ್ತೆ. ಈಗ ಕತ್ತರಿಸಿದ್ರೆ ಎಲ್ಲ ಕಸಕ್ಕೆ ಹೋಗುತ್ತೆ. ಹೂ ಮುಗಿದ ಮೇಲೆ ಕತ್ತರಿಸ್ತೀನಿ."

"ಅದು ಹೂ ಬಿಡೋ ಗಿಡ ಅಲ್ಲ ಕಣೇ. ಅಲ್ಲೊಂದು ಇಲ್ಲೊಂದು ಬಿಟ್ರೆ ಹೆಚ್ಚು."

"ನೀವು ಪ್ರತಿ ಚಳಿಗಾಲ ಕತ್ತರಿಸ್ತಿದ್ರಿ" ಎಂದಳು ಸೊಸೆ, ತಣ್ಣಗೆ.

ಅತ್ತೆಯ ಮುಖ ಗಂಟಾಯಿತು. ಅಂದಿನಿಂದ ಸೊಸೆ ಅವಳ ಬಾಯಲ್ಲಿ 'ಆ ಹುಡುಗಿ' ಆದಳು. "ಆ ಹುಡುಗಿ ಕೆಲಸ ಕಳ್ಕೊಳ್ತಾಳೆ, ಬರೆದಿಟ್ಕೋ" ಎಂದು ದಿನಾ ನನ್ನ ತಲೆ ತಿಂದಳು. ಕೆದರಿದ ಪೊದೆಗಳನ್ನು ಕಂಡು ಮೇಲ್ವಿಚಾರಕರೂ ಹುಬ್ಬು ಗಂಟಿಕ್ಕಿದ್ದರಂತೆ. ಸೊಸೆ ಜಗ್ಗಲಿಲ್ಲ. ಅವಳ ಹಟ ನನಗೆ ಬಹಳ ಹಿಡಿಸಿತು. ಅದು ಅತ್ತೆಯದೇ ಹಟ, ಬೇರೆ ಮನೆಯಲ್ಲಿ ಹುಟ್ಟಿತ್ತು ಅಷ್ಟೇ.

ವಸಂತ ಬಂದಾಗ ಅತ್ತೆ ತನ್ನ ಹಳೆಯ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ನನ್ನನ್ನು ಎಳೆದುಕೊಂಡು ಹೊರಟಳು. "ಕೆಲಸ ಹೋಗೋ ಮೊದಲು ನಾನೇ ಸರಿಮಾಡ್ತೀನಿ" ಎಂದಳು. ಬೈಗುಳದ ಒಳಗಿದ್ದ ಕಾಳಜಿ ನನಗೆ ಗೊತ್ತಾದದ್ದು ಆಗಲೇ.

ಗೇಟಿನಲ್ಲಿ ಅವಳ ಕಾಲು ನಿಂತೇಬಿಟ್ಟಿತು. ಪೊದೆಗಳಲ್ಲಿ ಒಂದು ಎಲೆಯೂ ಕಾಣದು. ಬುಡದಿಂದ ತುದಿಯವರೆಗೆ ಬರೀ ಹಳದಿ ಹೂ. ಬಾಗಿದ ಕಡ್ಡಿಗಳು ಕಾಲುದಾರಿಯವರೆಗೂ ಬಂದಿದ್ದವು. ಜನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪಕ್ಕದ ಮಡಿಯಲ್ಲಿ ಅರಳಿದ್ದ ಕೆಂಪು ಹೂಗಳಿಗೆ ಯಾರೂ ಕ್ಯಾರೆ ಎನ್ನುತ್ತಿರಲಿಲ್ಲ.

ಅತ್ತೆ ಒಂದು ಕಡ್ಡಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು. ಇಷ್ಟು ವರ್ಷ ಕಸಕ್ಕೆ ಹೋದ ಹೂಗಳನ್ನು ನೆನೆದು ನನಗೇ ಸಂಕಟವಾಯಿತು.

ಸೊಸೆಯ ಜೊತೆ ಬಂದ ಮೇಲ್ವಿಚಾರಕರು ಅತ್ತೆಯನ್ನು ನೋಡಿ ನಕ್ಕರು. "ಏನಮ್ಮಾ, ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?"

ಸೊಸೆ ತಲೆ ತಗ್ಗಿಸಿದಳು. ಅತ್ತೆ ಮಾತ್ರ ನೆಟ್ಟಗೆ ನಿಂತಳು.

"ಬಚ್ಚಿಟ್ಟಿರಲಿಲ್ಲ, ಮೊಗ್ಗು ಸಮೇತ ಬೋಳಿಸ್ತಿದ್ದೆ. ನೆಟ್ಟವಳು ನಾನು, ಹೂ ಬಿಡಿಸಿದವಳು ನನ್ನ ಸೊಸೆ. ಅವಳನ್ನ ಖಾಯಂ ಮಾಡೋಕೆ ಇನ್ನೇನು ನೋಡ್ಬೇಕು ನೀವು?"

"ಇನ್ನೇನೂ ಇಲ್ಲ. ನಾಳೆ ಆಫೀಸಿಗೆ ಬಂದು ಸಹಿ ಹಾಕ್ಲಿ" ಎಂದರು ಅವರು.

ಅತ್ತೆ ಚೀಲದಿಂದ ಕತ್ತರಿ ತೆಗೆದು ಸೊಸೆಯ ಕೈಗಿಟ್ಟಳು.

"ಹೂ ಮುಗಿದ ಮೇಲೆ ನನ್ನನ್ನೂ ಕರಿ. ಎಲ್ಲಿಗೆ ಕತ್ತರಿಸ್ಬೇಕು ಅಂತ ತೋರಿಸ್ಕೊಡು."