ಮೂರರಲ್ಲಿ ಒಳ್ಳೆಯದು

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅಂತಾರೆ. ಸತ್ತ ಮೇಲೆ ಯಾರಿಗೇನು. ಚಿಕ್ಕಬೈರಪ್ಪ. ಅಲ್ಲಾಳಸಂದ್ರದವರು. ಕೆರೆ ಕೆಳಗೆ ಸ್ವಲ್ಪ ಗದ್ದೆ, ಅದರ ಪಕ್ಕ ಸೊಪ್ಪಿನ ಮಡಿ, ಎತ್ತು ಕಟ್ಟಿ ನೀರೆತ್ತುವ ಒಂದು ಕಪಿಲೆ ಬಾವಿ. ಸೊಪ್ಪನ್ನು ಗಾಡಿಯಲ್ಲಿ ಯಶವಂತಪುರಕ್ಕೆ ಹಾಕಿ ಬರುತ್ತಿದ್ದರು. ದುಡಿಮೆ ಇಷ್ಟೇ. ಮಿಕ್ಕಿದ್ದೆಲ್ಲ ಗರಡಿ.

ಯಲಹಂಕದ ಗರಡಿಯಲ್ಲಿ ಸಾಮು ಮಾಡುತ್ತಿದ್ದರು. ಕುಸ್ತಿಯಲ್ಲಿ ಅವರು ಗೆದ್ದದ್ದನ್ನು ನಾನು ಕಂಡಿಲ್ಲ, ಬಿದ್ದದ್ದನ್ನು ಕಂಡಿದ್ದೇನೆ. ಆದರೂ ಮೈಗೆ ಮಟ್ಟಿ ಮಣ್ಣು ಮೆತ್ತಿಕೊಂಡು ಬೀದಿಯಲ್ಲಿ ಬರುವಾಗ ಎದೆ ಮುಂದೆ ಬರುತ್ತಿತ್ತು, ಅವರು ಹಿಂದೆ ಬರುತ್ತಿದ್ದರು. ಒಳ್ಳೆಯ ಮನುಷ್ಯ. ನನ್ನ ಮೇಲೆ ಕೈ ಮಾಡಿದವರಲ್ಲ. ಯಾರಾದರೂ ಹೊಗಳಿದರೆ ಮಾತ್ರ ಅವರಿಗೆ ಊಟವೂ ಬೇಕಿರಲಿಲ್ಲ.

ಅರವತ್ತೊಂದನೇ ಇಸವಿಯಲ್ಲಿ ಹೊಗಳುವವನೊಬ್ಬ ಸೈಕಲ್ ಮೇಲೆ ಬಂದ. ಬದರೀನಾಥ ಅಂತ, ಯಾವುದೋ ಹೈಸ್ಕೂಲಿನ ಡ್ರಿಲ್ ಮೇಷ್ಟರು. ಇಸ್ತ್ರಿ ಮಾಡಿದ ಬಿಳಿ ಷರಾಯಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಓಟದ ಗಡಿಯಾರ. ಆಟಗಾರರ ಮೈ ಬಗ್ಗೆ ಸಂಶೋಧನೆ ಮಾಡುತ್ತೇನೆ ಅಂದ. ಗರಡಿಯ ಒಳಗೆ ಕತ್ತಲು, ಗಡಿಯಾರ ಕಾಣುವುದಿಲ್ಲ ಅಂತ ಹನ್ನೆರಡು ಜನರನ್ನು ಹೊರಗೆ ಅರಳಿಕಟ್ಟೆಯ ಮೇಲೆ ಕೂರಿಸಿದ. ನಾನು ಬುತ್ತಿ ತಂದಿದ್ದೆ, ಅಲ್ಲೇ ನಿಂತು ನೋಡಿದೆ.

ನಾಡಿ ಎಣಿಸುವುದು ಆತನ ಕೆಲಸ. ಸಾಧಾರಣ ಜನಕ್ಕೆ ನಿಮಿಷಕ್ಕೆ ಎಪ್ಪತ್ತು ಚಿಲ್ಲರೆ ಸಲ ಹೊಡೆಯುತ್ತದಂತೆ, ಸಾಮು ಮಾಡಿದವರಿಗೆ ಕಡಿಮೆಯಂತೆ. ಕಡಿಮೆ ಹೊಡೆದಷ್ಟೂ ಎದೆ ಗಟ್ಟಿ ಅಂದ. ಒಬ್ಬೊಬ್ಬರದನ್ನೂ ಮೂರು ಸಲ ಎಣಿಸಿದ. ಉದ್ದ ಜಿಗಿತದಲ್ಲಿ ಮೂರು ಸಲ ಜಿಗಿಸಿ ದೂರ ಬಿದ್ದದ್ದನ್ನು ಇಟ್ಟುಕೊಳ್ಳುತ್ತಾರಲ್ಲ, ನಾಡಿಗೂ ಹಾಗೇ ಮಾಡಿದ. ಮೂರರಲ್ಲಿ ಕಡಿಮೆ ಬಂದದ್ದು ಲೆಕ್ಕಕ್ಕೆ, ಮಿಕ್ಕ ಎರಡು ಗಾಳಿಗೆ. ಹುಡುಗರನ್ನು ಜಿಗಿಸಿ ಜಿಗಿಸಿ ಬುದ್ಧಿಯೂ ಮರಳಿನ ಗುಂಡಿಗೆ ಬಿದ್ದಿತ್ತು.

ಮುನಿಗಂಗಪ್ಪ ಅಂತ ಗರಡಿಯಲ್ಲಿ ನಮ್ಮವರಿಗೆ ಎದುರಾಳಿ. ಅವನಿಗೆ ಮೂರು ಸಲವೂ ಅರವತ್ತರ ಆಸುಪಾಸು ಬಂತು. ನಮ್ಮವರಿಗೆ ಮೊದಲು ಎಪ್ಪತ್ತಾರು, ಆಮೇಲೆ ಐವತ್ತೆಂಟು, ಕೊನೆಗೆ ನಲವತ್ತನಾಲ್ಕು. ಮೇಷ್ಟರು ಎದ್ದು ನಿಂತು, ಇಂಥ ಎದೆ ಮೈಸೂರು ಸೀಮೆಯಲ್ಲೇ ಇಲ್ಲ ಅಂತ ಸಾರಿದ. ಗರಡಿಯವರು ಕನಕಾಂಬರದ ಹಾರ ಹಾಕಿ, ಕಲ್ಲೆದೆ ಬೈರಪ್ಪ ಅಂತ ಹೆಸರಿಟ್ಟರು. ಆ ಹಾರ ಒಣಗಿ ಉದುರುವವರೆಗೂ ಗೋಡೆಯ ಮೊಳೆಯಲ್ಲಿತ್ತು.

ಮುಂದಿನ ಅಮಾವಾಸ್ಯೆಗೆ ಎಣ್ಣೆ ಹಚ್ಚುವಾಗ ಎದೆಯ ಮೇಲೆ ಅಂಗೈ ಇಟ್ಟೆ. ಒಂದು ಹೊಡೆಯಿತು, ಇನ್ನೊಂದು ಹೊಡೆಯಿತು, ಆಮೇಲೆ ಇಲ್ಲ. ಅನಂತರ ಅಟ್ಟಿಸಿಕೊಂಡು ಬಂದ ಹಾಗೆ ದಡದಡ. ಇದೇನು ಹೀಗೆ ಅಂದೆ.

"ಅದು ಆಗಾಗ ಸುದಾರಿಸ್ಕೊಂತದೆ ಕಣಮ್ಮಿ. ಗಟ್ಟಿ ಎದೆ ಇರೋರ್ಗೆ ಅಂಗೇಯ. ಮೇಷ್ಟ್ರು ಯೋಳವ್ರೆ."

ಮಳೆಗಾಲ ಮುಗಿದ ಮೇಲೆ ಕಪಿಲೆ ಹೊಡೆಯುತ್ತಾ ಕಣ್ಣು ಕತ್ತಲಿಟ್ಟು ಕೂತರು. ಎತ್ತು ತಾವಾಗಿಯೇ ನಿಂತವು. ಎತ್ತಿಗೆ ತಿಳಿಯಿತು. ಡಾಕ್ಟರಿಗೆ ತೋರಿಸೋಣ ಅಂತ ಕೇಳಿಕೊಂಡೆ. ಕಲ್ಲೆದೆ ಅನ್ನಿಸಿಕೊಂಡವನು ಡಾಕ್ಟರ ಬಾಗಿಲಲ್ಲಿ ಕೂತರೆ ಮುನಿಗಂಗಪ್ಪ ಊರೆಲ್ಲ ಸಾರುತ್ತಾನೆ ಅಂದರು. ಗಂಡಸರ ಮಾನ ಎಂಥೆಂಥ ಕಡೆ ಇರುತ್ತದೋ.

ಅಷ್ಟರಲ್ಲಿ, ನಾನು ಬುತ್ತಿ ತಂದಿದ್ದ ದಿನವೇ, ಮೇಷ್ಟರು ಮತ್ತೆ ಗರಡಿಗೆ ಬಂದ, ಜೊತೆಗೆ ಅವನ ಸ್ಕೂಲಿನ ಲೆಕ್ಕದ ಟೀಚರು ಕೃಷ್ಣವೇಣಿ. ಹನ್ನೆರಡು ಜನದ್ದೂ ಸೇರಿಸಿ ಸರಾಸರಿ ತೆಗೆದುಕೊಡಲು ಅವರನ್ನು ಕರೆತಂದಿದ್ದ. ಆಯಮ್ಮ ಕೂತ ತಕ್ಷಣ, ಮೂರು ಸಲ ಎಣಿಸಿದ್ದು ಏನೇನು ಬಂತು ಅಂತ ಒಬ್ಬೊಬ್ಬರನ್ನೂ ಕೇಳಿದರು. ಎಲ್ಲರಿಗೂ ಬಾಯಿಪಾಠ. ನಮ್ಮವರು ಎದೆ ಉಬ್ಬಿಸಿ ತಮ್ಮದನ್ನು ಹೇಳಿದರು. ಟೀಚರು ಅವರ ಕೈ ಹಿಡಿದು ತಾವೇ ಎಣಿಸಿದರು. ಮತ್ತೆ ಎಣಿಸಿದರು. ಮತ್ತೊಂದು ಸಲ. ಒಂದರಂತೆ ಒಂದಿಲ್ಲ.

"ಮಿಕ್ಕೋರದು ಮೂರು ಸಲಾನೂ ಹತ್ತಿರ ಹತ್ತಿರ ಇದೆ. ಇವರದು ಚದುರಿಹೋಗಿದೆ," ಅಂದರು. "ಕಡಿಮೆ ಬಂದಿದ್ದನ್ನ ನೋಡ್ಬೇಡಿ, ಚದುರಿರೋದನ್ನ ನೋಡಿ. ನಿಮ್ಮ ಎಣಿಕೆ ತಪ್ಪು ಅಂದ್ಕೊಂಡಿದ್ದೆ. ಈಗ ನಾನೂ ಎಣಿಸಿದೆ. ಇವರ ಎದೆ ಸರಿಯಿಲ್ಲ. ಮೊದಲು ಡಾಕ್ಟರ ಹತ್ರ ಕರ್ಕೊಂಡ್ಹೋಗಿ."

"ಮೇಡಂ, ನೀವು ಭಾಗಾಕಾರ ಮಾಡ್ಕೊಡಿ ಸಾಕು. ಮೈ ವಿಷಯ ನಾನ್ ನೋಡ್ಕೋತೀನಿ," ಅಂದ ಮೇಷ್ಟರು. ಗಂಡಸರೆಲ್ಲ ನಕ್ಕರು. ನಮ್ಮವರು ಎಲ್ಲರಿಗಿಂತ ಜೋರಾಗಿ ನಕ್ಕರು. ಓದಿದ ಹೆಂಗಸು ಹೇಳಿದಳು, ಓದದ ಹೆಂಡತಿ ಹೇಳಿದಳು. ಹೊಗಳಿದವನ ಮಾತೇ ಮೇಲಾಯಿತು.

ಸಂಕ್ರಾಂತಿ ಕಳೆದ ಮೇಲೆ ಅವನ ಸ್ಕೂಲಿನಲ್ಲಿ ಆಟೋಟದ ದಿನ. ಗಟ್ಟಿ ಎದೆ ಓಡಿದ ಮೇಲೆ ಎಷ್ಟು ಬೇಗ ತಣ್ಣಗಾಗುತ್ತದೆ ಅಂತ ಜನಕ್ಕೆ ತೋರಿಸಲು ನಮ್ಮವರನ್ನು ಕರೆಸಿದ. ಹೊಸ ಬನಿಯನ್ ಹಾಕಿಕೊಂಡು ಹೋದರು. ಬೇಡ ಅನ್ನುತ್ತಲೇ ನಾನೂ ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ. ಮೈದಾನ ಎರಡು ಸುತ್ತು ಓಡಿದರು. ನಗುತ್ತಲೇ ಬಂದು ಮೇಷ್ಟರಿಗೆ ಕೈ ಚಾಚಿದರು. ಹಾಗೇ ಕೂತರು. ಹಾಗೇ ಒರಗಿದರು. ಆತ ಕೈ ಬಿಡಲಿಲ್ಲ, ಗಡಿಯಾರದಿಂದ ಕಣ್ಣೂ ತೆಗೆಯಲಿಲ್ಲ.

"ನೋಡಿ, ಎಷ್ಟು ಬೇಗ ಇಳೀತಿದೆ," ಅಂತ ಜನಕ್ಕೆ ಹೇಳಿದ.

ಕೃಷ್ಣವೇಣಿ ಟೀಚರು ಓಡಿ ಬಂದು ಆತನನ್ನು ತಳ್ಳಿದರು. ನಾನು ಹೋಗುವಷ್ಟರಲ್ಲಿ ಇಳಿಯುವುದಕ್ಕೆ ಏನೂ ಉಳಿದಿರಲಿಲ್ಲ. ಬನಿಯನ್ ಮಾತ್ರ ಬೆಚ್ಚಗಿತ್ತು. ಅದನ್ನು ಇನ್ನೂ ಒಗೆದಿಲ್ಲ.

ತಿಥಿಗೆ ಮೇಷ್ಟರು ಬಂದ. ಅದೇ ಬಿಳಿ ಷರಾಯಿ. ಮನೆಯಲ್ಲಿ ಊಟ ಮಾಡಲಿಲ್ಲ, ಎಳನೀರು ಕುಡಿದ. ಕುಡಿದು ನನಗೆ ಸಮಾಧಾನ ಹೇಳಿದ.

"ನೂರಕ್ಕೊಬ್ಬರಿಗೆ ಹೀಗಾಗತ್ತೆ ಕಣಮ್ಮ. ಅದನ್ನ ಯಾರೂ ಮೊದಲೇ ತಿಳಿಯೋಕಾಗಲ್ಲ."

"ನೀವು ಕೈ ಹಿಡಿದು ನೋಡಿದ್ದು ಅನ್ನೆಲ್ಡು ಜನದ್ದು ಮೇಷ್ಟ್ರೇ," ಅಂದೆ. "ನೂರು ಎಲ್ಲಿಂದ ತಂದ್ರಿ?"

ಎಳನೀರಿನ ಬುರುಡೆಯ ಒಳಗೆ ನೋಡುತ್ತಾ ಕೂತ.

ಹೊರಡುವಾಗ ಬಾಗಿಲ ಹೊರಗೆ ಸೈಕಲ್ ಹಿಡಿದು ನಿಂತಿದ್ದ. ಮುನಿಗಂಗಪ್ಪ ಬಾಡಿನೂಟ ಉಂಡು ಕೈ ತೊಳೆದು ಬಂದವನು, ಆ ಒದ್ದೆ ಕೈಯನ್ನೇ ಅವನ ಮುಂದೆ ಚಾಚಿ, ನಂದೊಂದು ಸಲ ನೋಡ್ಬಿಡಿ ಅಂದ. ಸತ್ತವರ ಜಾಗ ಖಾಲಿಯಾಗಿತ್ತಲ್ಲ. ಮೇಷ್ಟರು ಗಡಿಯಾರ ತೆಗೆದ. ಒಂದು ಸಲ ಎಣಿಸಿದ. ತಡಿ, ಇನ್ನೊಂದ್ಸಲ ಅಂದ. ಆಮೇಲೆ ಮತ್ತೊಂದು ಸಲ. ಬೆನ್ನು ತಟ್ಟಿ, "ಐವತ್ತೆರಡು," ಅಂದ. ಮುನಿಗಂಗಪ್ಪನ ಎದೆ ನನ್ನ ಕಣ್ಣ ಮುಂದೆಯೇ ಮುಂದಕ್ಕೆ ಬಂತು.

ನಾನು ಹೊಸ್ತಿಲಲ್ಲಿದ್ದೆ.

"ಮೂರೂ ಯೋಳಿ ಮೇಷ್ಟ್ರೇ," ಅಂದೆ.

ಆತ ಸೈಕಲ್ ಹತ್ತಿದ. ಮುನಿಗಂಗಪ್ಪ ತಿರುಗಿ ನನ್ನನ್ನೇ ಗುರಾಯಿಸಿದ.