‘ಉಳಿಸು’ ಎಂಬ ಚೀಟಿ

ನಮ್ಮಪ್ಪನಿಗೆ ಬೀದಿಯವರು ಇಟ್ಟಿದ್ದ ಅಡ್ಡಹೆಸರು ಅಳಿಸಪ್ಪ. ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಡುವ ಅಂಗಡಿ ನಮ್ಮದು. ಆಗ ಹತ್ತು ಫ್ಲಾಪಿಯ ಡಬ್ಬಿಗೆ ಕೊಡುವ ದುಡ್ಡಿನಲ್ಲಿ ಮನೆಗೆ ವಾರದ ದಿನಸಿ ಬರುತ್ತಿತ್ತು. ಹಾಗಾಗಿ ಗಿರಾಕಿ ಪ್ರಿಂಟು ಹಿಡಿದು ಮೆಟ್ಟಿಲಿಳಿಯುವಷ್ಟರಲ್ಲಿ ಅಪ್ಪ ಆ ಫ್ಲಾಪಿಗೆ ‘ಅಳಿಸು’ ಎಂಬ ಚೀಟಿ ಅಂಟಿಸಿಬಿಡುತ್ತಿದ್ದರು. ಅಳಿಸಿ ಮತ್ತೆ ಬಳಸುವುದು. ಜಿಪುಣತನ, ಬೇರೆ ಹೆಸರು ಬೇಡ.

ಒಮ್ಮೆ ಲಗ್ನಪತ್ರಿಕೆ ಮಾಡಿಸಲು ಬಂದ ಹೆಂಗಸು ಚೀಟಿ ನೋಡಿ ರೇಗಿದಳು. “ಏನ್ರೀ ಇದು, ನನ್ ಮಗಳ ಮದುವೆ ಮೇಲೆ ಅಳಿಸು ಅಂತ ಬರೀತೀರಾ? ಯಾರನ್ನ ಅಳಿಸ್ಬೇಕು ಅಂತಿದೀರಿ?”

ಟೈಪು ಮಾಡುತ್ತಿದ್ದ ಅಮ್ಮ ಬಿದ್ದು ಬಿದ್ದು ನಕ್ಕಳು. ಅಪ್ಪ ಅಂದೇ ಪದ ಬದಲಿಸಿದರು: ‘ಉಳಿಸು’. ಹೊಸ ಫ್ಲಾಪಿಯ ದುಡ್ಡು ಉಳಿಸು ಎಂದರ್ಥ. ಅಲ್ಲಿಂದ ನಮ್ಮ ಅಂಗಡಿಯಲ್ಲಿ ಉಳಿಸು ಎಂದರೆ ಅಳಿಸು. ಅಳಿಸುವ ಕೆಲಸ ನನ್ನದು.

ಅಮ್ಮನ ಗಂಟಲಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅಪ್ಪ ನನ್ನನ್ನು ಮನೆಗೆ ಕಳಿಸಿ, ಅವಳ ಮುಂದೆ ಮೈಕು ಇಟ್ಟು, ಹೊಸ ಡಬ್ಬಿಯನ್ನೇ ಒಡೆದು ಅವಳ ಮಾತು ಹಿಡಿದಿಟ್ಟರಂತೆ. ಒಂದು ಫ್ಲಾಪಿಗೆ ಹಿಡಿಸುವುದು ಮೂರೇ ನಿಮಿಷದ ಮಾತು. “ನಾನು ಹೋದ್ಮೇಲೆ ಕೇಳ್ಕೊಳ್ಳಿ, ಈಗ ಬೇಡ. ನಂಗೆ ನಾಚಿಕೆ” ಎಂದಳಂತೆ. ಕಂಪ್ಯೂಟರಿನ ಹೊಟ್ಟೆ ಆಗಲೇ ತುಂಬಿತ್ತು, ಇನ್ನೊಂದು ಪ್ರತಿಗೆ ಜಾಗವಿರಲಿಲ್ಲ.

ಮರುದಿನ ಅವರಿಬ್ಬರೂ ಆಸ್ಪತ್ರೆಯಲ್ಲಿ, ನಾನು ಅಂಗಡಿಯಲ್ಲಿ. ಶಾಲೆಯ ಪ್ರಶ್ನೆಪತ್ರಿಕೆಗೆ ಫ್ಲಾಪಿ ಬೇಕಿತ್ತು. ಮೇಜಿನ ಮೇಲೊಂದಿತ್ತು, ಅಪ್ಪನ ಅಕ್ಷರದಲ್ಲಿ: ‘ಉಳಿಸು’. ಅಳಿಸಿದೆ.

ಸಂಜೆ ಆಸ್ಪತ್ರೆಯಲ್ಲಿ ಅಪ್ಪ ಪಿಸುಗುಟ್ಟಿದರು: “ಮೇಜಿನ ಮೇಲೆ ಅಮ್ಮನ ಧ್ವನಿ ಇಟ್ಟಿದೀನಿ. ಜೋಪಾನವಾಗಿ ಎತ್ತಿಡಮ್ಮ.”

ಗಾಬರಿಯಲ್ಲಿದ್ದ ಮನುಷ್ಯ, ಲೋಕವೆಲ್ಲ ಬಳಸುವ ಅರ್ಥದಲ್ಲೇ ಬರೆದಿದ್ದರು. ಹೇಳಿದರೆ ಅವರೇ ತಮ್ಮನ್ನು ಶಪಿಸಿಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಹೆದರಿಕೆ, ಅಷ್ಟೇ.

ಅಮ್ಮ ಹತ್ತೊಂಬತ್ತು ವರ್ಷ ಮಾತಿಲ್ಲದೆ ಬದುಕಿದಳು. ಫ್ಲಾಪಿ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು. ಬೆಲೆ ಇಳಿಯಲಿ ತಡೀರಿ ಎಂದರೂ ಕೇಳದೆ, ಅಂಥ ಜಿಪುಣ ಅಪ್ಪ, ಪೇಟೆಗೆ ಬಂದ ವಾರವೇ ಕೊಂಡು ತರುತ್ತಿದ್ದರು. “ಅಮ್ಮನ್ನ ಇದಕ್ಕೆ ಹಾಕಮ್ಮ.” ನಾನು ತೆಪ್ಪಗೆ ಆ ಪ್ರಶ್ನೆಪತ್ರಿಕೆಯನ್ನು ಹಾಕಿಕೊಡುತ್ತಿದ್ದೆ. ಈಗ ಕಿಸೆಯೊಳಗಿನ ಫೋನಿನಲ್ಲಿ ಊರವರ ಹರಟೆಯೆಲ್ಲ ಪುಕ್ಕಟೆಯಾಗಿ ಹಿಡಿಸುತ್ತದೆ. ಸುಡಬೇಕು ಅದನ್ನ.

ಅಮ್ಮ ತೀರಿಕೊಂಡ ವಾರದ ಮೇಲೆ ಅಪ್ಪ ಪೆನ್‌ಡ್ರೈವ್ ಹಿಡಿದು ಬಂದು, ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. “ಈಗ ಹಾಕಮ್ಮ, ಕೇಳೋಣ.”

ಹಾಕಿದೆ. ಪರದೆಯ ಮೇಲೆ ಏಳನೇ ತರಗತಿಯ ಗಣಿತ. ಅಪ್ಪ ಮೊದಲ ಲೆಕ್ಕವನ್ನು ತುಟಿಯಲ್ಲೇ ಓದಿದರು, ಎರಡನೆಯದನ್ನೂ ಓದಿದರು. ಇನ್ನೇನು ಧ್ವನಿ ಬರುತ್ತದೆ ಎಂದು ಕಿವಿಯನ್ನು ಸ್ಪೀಕರಿನ ಹತ್ತಿರ ತಂದರು.

ತಡೆಯಲಾಗಲಿಲ್ಲ. “ಅಪ್ಪಾ, ಅವತ್ತೇ ಅಳಿಸಿಬಿಟ್ಟೆ” ಎಂದೆ.

ಅಪ್ಪ ಸ್ಪೀಕರಿನಿಂದ ಕಿವಿ ತೆಗೆದರು. ಆಮೇಲೆ, “ಉಳಿಸು ಅಂತ ನಾನೇ ಬರ್ದಿದ್ನಲ್ಲಮ್ಮ” ಎಂದರು.

“ಅದಕ್ಕೇ ಅಳಿಸಿದ್ದು ಅಪ್ಪ.”